ನೆತ್ತಿಗೆ ತಕ್ಕ ಶಾಂಪೂ

ಮನುಷ್ಯನ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿರುವುವೆಂದೂ ಅವು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರಿನಷ್ಟು ಬೆಳೆಯುವುವೆಂದೂ ಬಲ್ಲವರು ಕೂಡ, ಹಾಗೆ ಬೆಳೆದು ಚರ್ಮದಿಂದ ಹೊರಕ್ಕೆ ಬಂದ ಎಳೆಯಲ್ಲಿ ಪ್ರಾಣವೆಂಬುದು ಲೇಶಮಾತ್ರವೂ ಇಲ್ಲವೆಂಬುದನ್ನು ಸಾಮಾನ್ಯವಾಗಿ ಮರೆತಿರುತ್ತಾರೆ. ಕೆರಟಿನ್ ಎಂಬ ಪ್ರೋಟೀನಿನಿಂದ ರಚಿತವಾದ ಆ ಎಳೆಯನ್ನು ಕತ್ತರಿಸಿದರೆ ನೋವಿಲ್ಲ. ಅದರ ತುದಿ ಸೀಳಿದರೆ ಮತ್ತೆ ಕೂಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಜೀವವಿರುವುದು ಅದರ ಬುಡದಲ್ಲಿ, ನೆತ್ತಿಯ ಚರ್ಮದೊಳಗೆ ಹುದುಗಿರುವ ರೋಮಕೂಪದಲ್ಲಿ ಮತ್ತು ಆ ಕೂಪಕ್ಕೆ ಹೊಂದಿಕೊಂಡು ಹಗಲಿರುಳೂ ಜಿಡ್ಡನ್ನು ಸ್ರವಿಸುತ್ತಿರುವ ಗ್ರಂಥಿಗಳಲ್ಲಿ. ಆದುದರಿಂದ ತಲೆಯನ್ನು ತೊಳೆಯಲು ಹೊರಟವರು ಜೀವಂತವಾದ ಚರ್ಮದೊಡನೆಯೂ ನಿರ್ಜೀವವಾದ ನಾರಿನೊಡನೆಯೂ ಏಕಕಾಲದಲ್ಲಿ ವ್ಯವಹರಿಸಬೇಕಾಗುತ್ತದೆ. ಯಾವ ಶಾಂಪೂ ಉತ್ತಮವೆಂಬ ಪ್ರಶ್ನೆಗೆ ಉತ್ತರ ಈ ಭೇದವನ್ನು ಅರಿಯುವುದರಲ್ಲಿಯೇ ಇದೆ: ಶಾಂಪೂವನ್ನು ಆರಿಸಬೇಕಾದುದು ನೆತ್ತಿಯನ್ನು ನೋಡಿ, ಕೂದಲಿನ ಉದ್ದಕ್ಕೆ ಬೇಕಾದ ಆರೈಕೆ ಬೇರೆ.

ಜಿಡ್ಡು ನೀರಿನಲ್ಲಿ ಕರಗದು; ಬರಿಯ ನೀರನ್ನು ಎಷ್ಟು ಸುರಿದರೂ ಅದು ಧೂಳನ್ನು ಕೊಂಡೊಯ್ಯಬಹುದೇ ಹೊರತು ಜಿಡ್ಡನ್ನು ಬಿಡಿಸಲಾರದು. ಇವೆರಡರ ನಡುವೆ ಸಂಧಾನ ಮಾಡುವುದು ಮಾರ್ಜಕದ ಅಣು. ಅದರ ಒಂದು ತುದಿಗೆ ನೀರಿನ ಮೇಲೆ ಒಲವು, ಇನ್ನೊಂದಕ್ಕೆ ಎಣ್ಣೆಯ ಮೇಲೆ; ಎಣ್ಣೆಯನ್ನು ಅರಸುವ ತುದಿಗಳು ಜಿಡ್ಡಿನ ಕಣವೊಂದನ್ನು ಹೊಕ್ಕು, ನೀರನ್ನು ಅರಸುವ ತುದಿಗಳು ಹೊರಮುಖವಾಗಿ ನಿಂತಾಗ, ಆ ಕಣ ನೆತ್ತಿಯಿಂದ ಬಿಡಿಸಿಕೊಂಡು ನೀರಿನೊಡನೆ ಹರಿದುಹೋಗುತ್ತದೆ. ದೀಪಾವಳಿಯ ಅಭ್ಯಂಜನಕ್ಕೆ ನಮ್ಮ ಮನೆಗಳಲ್ಲಿ ಬಳಸುವ ಸೀಗೆಪುಡಿಯಲ್ಲಿಯೂ ಅಂಟುವಾಳದ ಕಾಯಿಯಲ್ಲಿಯೂ ಇರುವ ಸಪೋನಿನ್ ಎಂಬ ದ್ರವ್ಯ ಮಾಡುವುದೂ ಇದೇ ಕೆಲಸವನ್ನು. ಸಾಬೂನಿಗೂ ಈ ಗುಣವುಂಟಾದರೂ ಅದರ ಜೊತೆಯಲ್ಲಿ ಎರಡು ದೋಷಗಳೂ ಉಂಟು. ಮೊದಲನೆಯದಾಗಿ, ಅದು ಕ್ಷಾರೀಯ, ಅದರ ಪಿ.ಎಚ್. ಮೌಲ್ಯ ಸಾಮಾನ್ಯವಾಗಿ 9ರಿಂದ 10ರವರೆಗಿರುವುದರಿಂದ, ಸ್ವಭಾವತಃ 5.5ರ ಆಸುಪಾಸಿನಲ್ಲಿ ಆಮ್ಲೀಯವಾಗಿರುವ ನೆತ್ತಿಗೆ ಅದು ಹಿತವಲ್ಲ. ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಹೊದ್ದುಕೊಂಡಿರುವ ಕೂದಲಿನ ಹೊರಪದರದ ಶಲ್ಕಗಳು ಕ್ಷಾರದಿಂದ ಉಬ್ಬಿ ಮೇಲೇಳುವುವಾಗಿ, ಎಳೆಗೆ ಎಳೆ ತೊಡರಿ ಸಿಕ್ಕಾಗುತ್ತದೆ. ಎರಡನೆಯದಾಗಿ, ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯ ಅನೇಕ ಕೊಳವೆಬಾವಿಗಳಲ್ಲಿ ಸಿಕ್ಕುವಂಥ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೊಡನೆ ಸಾಬೂನು ಕೂಡಿ, ಕರಗದ ಗಷ್ಟಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಈ ಎರಡು ತೊಡಕುಗಳಿಂದ ಪಾರಾಗುವುದಕ್ಕಾಗಿಯೇ 1930ರ ದಶಕದಲ್ಲಿ ಸಂಶ್ಲೇಷಿತ ಮಾರ್ಜಕಗಳಿಂದಾದ ಶಾಂಪೂಗಳು ಬಳಕೆಗೆ ಬಂದುವು. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆ ಹೊರತಂದ ಡ್ರೀನ್ ಎಂಬುದು ಅವುಗಳಲ್ಲಿ ಮೊದಮೊದಲಿನದು.

ಮಾರ್ಜಕಗಳಲ್ಲಿಯೂ ತೀಕ್ಷ್ಣವಾದುವು, ಮೃದುವಾದುವು ಎಂಬ ತಾರತಮ್ಯವಿದೆ. ಸೋಡಿಯಂ ಲಾರಿಲ್ ಸಲ್ಫೇಟ್ ತೀಕ್ಷ್ಣವರ್ಗದ್ದು. ಸೋಡಿಯಂ ಲಾರೆತ್ ಸಲ್ಫೇಟ್ ಅದಕ್ಕಿಂತ ಸೌಮ್ಯ. ತೆಂಗಿನೆಣ್ಣೆಯ ಮೂಲದಿಂದ ಬಂದ ಕೊಕಾಮಿಡೊಪ್ರೊಪೈಲ್ ಬೀಟೇನ್ ಇನ್ನೂ ಸೌಮ್ಯವಾದುದರಿಂದ, ಇತರ ಮಾರ್ಜಕಗಳ ತೀಕ್ಷ್ಣತೆಯನ್ನು ತಗ್ಗಿಸಲು ಅದನ್ನು ಬೆರೆಸುವುದುಂಟು. ಬೆಳಗ್ಗೆ ತೊಳೆದ ತಲೆ ಸಂಜೆಗೆ ಜಿಡ್ಡಾಗುವಂಥವರು ಮೊದಲ ಎರಡು ವರ್ಗದ ಶಾಂಪೂವನ್ನು ನಿರ್ಭಯವಾಗಿ ಬಳಸಬಹುದು. ಅಗತ್ಯ ತೋರಿದರೆ ದಿನಂಪ್ರತಿಯೂ ತೊಳೆಯಬಹುದು. ಪದೇ ಪದೇ ತೊಳೆದರೆ ಜಿಡ್ಡು ಹೆಚ್ಚಾಗಿ ಒಸರುತ್ತದೆಂಬ ಮಾತು ಬಹುಜನರಲ್ಲಿ ರೂಢವಾಗಿದ್ದರೂ, ಜಿಡ್ಡಿನ ಗ್ರಂಥಿಗಳನ್ನು ಆಳುವುದು ದೇಹದೊಳಗಿನ ಹಾರ್ಮೋನುಗಳೇ ಹೊರತು ಸ್ನಾನದ ಸರದಿಯಲ್ಲ. ಪ್ರಾಯಕ್ಕೆ ಬಂದ ಹುಡುಗಹುಡುಗಿಯರ ತಲೆ ಏಕಾಏಕಿ ಜಿಡ್ಡಾಗತೊಡಗುವುದಕ್ಕೆ ಕಾರಣವೂ ಇದೇ. ಹಾಗೆಯೇ ನೊರೆಯನ್ನು ಕಂಡು ಶುದ್ಧಿಯನ್ನು ಅಳೆಯುವುದೂ ತಪ್ಪು: ಜಿಡ್ಡು ನೊರೆಯನ್ನು ಅಡಗಿಸುವುದರಿಂದ, ಎಣ್ಣೆ ಹಚ್ಚಿದ ತಲೆಯಲ್ಲಿ ಮೊದಲ ಸಲ ನೊರೆ ಏಳದಿರುವುದೂ ಎರಡನೆಯ ಸಲ ಧಾರಾಳವಾಗಿ ಏಳುವುದೂ ಸಹಜವೇ.

ಹೊಟ್ಟಿನ ವಿಚಾರವನ್ನು ಇಲ್ಲಿ ತುಸು ವಿಸ್ತರಿಸಿ ಹೇಳಬೇಕಾಗಿದೆ. ಏಕೆಂದರೆ ಇದರಲ್ಲಿ ನಡೆಯುವಷ್ಟು ವಿಪರೀತ ಚಿಕಿತ್ಸೆ ಮತ್ತೊಂದರಲ್ಲಿ ನಡೆಯದು. ಹೆಗಲ ಮೇಲೆ ಉದುರುವ ಬಿಳಿಯ ಪುಡಿಯನ್ನು ಕಂಡು, ನೆತ್ತಿ ಒಣಗಿದೆಯೆಂದು ಊಹಿಸಿ, ಮೇಲಿಂದ ಮೇಲೆ ಎಣ್ಣೆಯನ್ನು ತಿಕ್ಕುವುದು ನಮ್ಮಲ್ಲಿ ಸಾಮಾನ್ಯ. ವಾಸ್ತವವಾಗಿ ಹೊಟ್ಟಿಗೆ ಒತ್ತಾಸೆಯಾಗಿರುವುದು ಜಿಡ್ಡಿನ ಅಭಾವವಲ್ಲ, ಜಿಡ್ಡೇ. ವಯಸ್ಕರೆಲ್ಲರ ನೆತ್ತಿಯ ಮೇಲೂ ಮಲಸೀಝಿಯಾ ಎಂಬ ಸೂಕ್ಷ್ಮ ಶಿಲೀಂಧ್ರ ನೆಲಸಿರುತ್ತದೆ. 1874ರಲ್ಲಿ ಅದನ್ನು ವರ್ಣಿಸಿದ ಫ್ರಾನ್ಸಿನ ವಿಜ್ಞಾನಿ ಲೂಯಿ ಶಾರ್ಲ್ ಮಲಸೇ ಎಂಬವನ ಹೆಸರೇ ಅದಕ್ಕೆ ನಿಂತಿದೆ. ತನಗೆ ಬೇಕಾದ ಮೇದಾಮ್ಲಗಳನ್ನು ತಾನೇ ತಯಾರಿಸಿಕೊಳ್ಳಲಾರದ ಈ ಜೀವಿ ಪರರ ಜಿಡ್ಡನ್ನೇ ಅವಲಂಬಿಸಿ ಬದುಕತಕ್ಕದ್ದು. ಪ್ರಯೋಗಶಾಲೆಯಲ್ಲಿ ಇದನ್ನು ಬೆಳೆಸುವವರು ಪೋಷಕ ಮಾಧ್ಯಮದ ಮೇಲೆ ಆಲಿವ್ ಎಣ್ಣೆಯನ್ನು ಹಾಕುವುದುಂಟು ಎಂದರೆ ಅದರ ಅಭಿರುಚಿ ಸ್ಪಷ್ಟವಾಗುತ್ತದೆ. ನೆತ್ತಿಯ ಜಿಡ್ಡನ್ನು ಒಡೆದು ತನಗೆ ಬೇಕಾದ ಅಂಶವನ್ನು ಉಂಡು, ಓಲೆಯಿಕ್ ಆಮ್ಲವೇ ಮೊದಲಾದುವನ್ನು ಅದು ಅಲ್ಲಿಯೇ ಬಿಟ್ಟುಬಿಡುತ್ತದೆ. ಈ ಉಳಿಕೆಯನ್ನು ಸಹಿಸಲಾರದ ಪ್ರಕೃತಿಯವರಲ್ಲಿ ಚರ್ಮ ಕೆರಳುತ್ತದೆ. ಸುಮಾರು ಒಂದು ತಿಂಗಳ ಅವಧಿಯಲ್ಲಿ ಪಕ್ವವಾಗಿ ಕಣ್ಣಿಗೆ ಕಾಣದಂತೆ ಬಿಡಿಬಿಡಿಯಾಗಿ ಉದುರಬೇಕಾದ ಚರ್ಮಕೋಶಗಳು ಆತುರದಿಂದ ಮೇಲೆದ್ದು, ಅಪಕ್ವಾವಸ್ಥೆಯಲ್ಲಿಯೇ ಗುಂಪುಗುಂಪಾಗಿ ಕಳಚಿ ಬೀಳುತ್ತವೆ. ಅದೇ ಹೊಟ್ಟು.

ಹೀಗಿರುವಲ್ಲಿ, ಹೊಟ್ಟಿಗೆಂದು ಕೊಳ್ಳುವ ಶಾಂಪೂವಿನ ಸೀಸೆಯ ಮೇಲೆ ನೋಡಬೇಕಾದುದು ಪರಿಮಳದ ವರ್ಣನೆಯನ್ನಲ್ಲ, ಔಷಧದ ಹೆಸರನ್ನು. ಝಿಂಕ್ ಪೈರಿಥಿಯೋನ್ ಸೌಮ್ಯವಾದ ಹೊಟ್ಟಿಗೆ ಸಾಕಾಗುತ್ತದೆ. ಕೀಟೊಕೊನಝೋಲ್ ಶಿಲೀಂಧ್ರದ ಕೋಶಭಿತ್ತಿಯೊಳಗಿನ ಪೊರೆಯನ್ನೇ ಶಿಥಿಲಗೊಳಿಸುವುದರಿಂದ ಹೆಚ್ಚು ಪ್ರಬಲ. ಶೇಕಡ 2ರ ಪ್ರಮಾಣದ ಅದನ್ನು ವಾರಕ್ಕೆ ಎರಡು ಸಲದಂತೆ 2ರಿಂದ 4 ವಾರಗಳ ಕಾಲ ಬಳಸಿ, ಅನಂತರ ಮರುಕಳಿಸದಿರಲೆಂದು ವಾರಕ್ಕೋ ಪಕ್ಷಕ್ಕೋ ಒಮ್ಮೆ ಬಳಸುವುದು ರೂಢಿ. ಸೆಲೆನಿಯಂ ಸಲ್ಫೈಡ್ ಶಿಲೀಂಧ್ರವನ್ನೂ ಚರ್ಮಕೋಶಗಳ ಆತುರವನ್ನೂ ಒಟ್ಟಿಗೆ ತಡೆಯುತ್ತದೆ. ಆದರೆ ಬಣ್ಣ ಹಾಕಿದ ಕೂದಲಿನ ಬಣ್ಣವನ್ನು ಕೆಡಿಸಬಲ್ಲುದು, ಒಡವೆಗಳಿಗೂ ತಗುಲಬಾರದು. ಸ್ಯಾಲಿಸಿಲಿಕ್ ಆಮ್ಲ ದಪ್ಪನಾಗಿ ಕಟ್ಟಿದ ಹೊಟ್ಟನ್ನು ಸಡಿಲಿಸುತ್ತದೆ. ಇವುಗಳಲ್ಲಿ ಯಾವುದನ್ನೇ ಆಗಲಿ, ಹಚ್ಚಿದೊಡನೆ ತೊಳೆದುಬಿಟ್ಟರೆ ಪ್ರಯೋಜನ ಅಲ್ಪ. ಕೂದಲನ್ನು ಬಗೆದು ನೆತ್ತಿಗೆ ಮುಟ್ಟಿಸಿ, ಸಾಮಾನ್ಯವಾಗಿ 3ರಿಂದ 5 ನಿಮಿಷಗಳ ಕಾಲ ಬಿಟ್ಟು ತೊಳೆಯತಕ್ಕದ್ದು. ಶಾಂಪೂ ಫಲಿಸಲಿಲ್ಲವೆಂಬ ದೂರು ಅನೇಕವೇಳೆ ಈ ಕೆಲವು ನಿಮಿಷಗಳ ತಾಳ್ಮೆ ಇಲ್ಲದುದರಿಂದಲೇ ಹುಟ್ಟುವುದು.

ಹೊಟ್ಟಿನಂತೆ ಕಂಡರೂ ಹೊಟ್ಟಲ್ಲದ ವ್ಯಾಧಿಗಳೂ ಉಂಟು. ಬೆಳ್ಳಿಯ ಬಣ್ಣದ ದಪ್ಪ ಪದರಗಳು ಕೂದಲಿನ ಅಂಚನ್ನು ದಾಟಿ ಹಣೆಗೆ ಹಬ್ಬಿ, ಮೊಣಕೈ ಮೊಣಕಾಲುಗಳ ಮೇಲೂ ಕಾಣಿಸಿಕೊಂಡರೆ ಅದು ಸೋರಿಯಾಸಿಸ್ ಆಗಿರಬಹುದು. ಅದಕ್ಕೆ ಕಲ್ಲಿದ್ದಲ ಟಾರಿನ ಶಾಂಪೂ ನೆರವಾಗುವುದಾದರೂ ಅದನ್ನು ನಿರ್ಣಯಿಸಬೇಕಾದವರು ವೈದ್ಯರು. ಮಕ್ಕಳ ತಲೆಯಲ್ಲಿ ದುಂಡಗಿನ ಬಿಲ್ಲೆಗಳಂತೆ ಕೂದಲು ಮುರಿದು ಹೋಗಿದ್ದರೆ ಅದು ಹುಳುಕಡ್ಡಿಯ ಲಕ್ಷಣ. ಆ ಶಿಲೀಂಧ್ರ ಕೂದಲಿನ ಬುಡದೊಳಕ್ಕೇ ಇಳಿದಿರುವುದರಿಂದ ಶಾಂಪೂ ಅದನ್ನು ಮುಟ್ಟಲಾರದು, ಹೊಟ್ಟೆಗೆ ಔಷಧ ಕೊಡಲೇಬೇಕು. ಹೇನಿಗೂ ಸಾಧಾರಣ ಶಾಂಪೂ ನಿರುಪಯುಕ್ತ. ಶೇಕಡ 1ರ ಪರ್ಮೆಥ್ರಿನ್ ಔಷಧವನ್ನು ಹಚ್ಚಿ, ಸೀರುಗಳು ಒಡೆದು ಹೊರಬರುವ ಕಾಲವನ್ನು ಲೆಕ್ಕಹಾಕಿ 7ರಿಂದ 10 ದಿನಗಳ ಮೇಲೆ ಮತ್ತೊಮ್ಮೆ ಹಚ್ಚುವುದು, ನಡುವೆ ಒದ್ದೆಯ ಕೂದಲನ್ನು ಸೀರಣಿಗೆಯಿಂದ ತಾಳ್ಮೆಯಾಗಿ ಬಾಚುವುದು, ಮನೆಯವರೆಲ್ಲರ ತಲೆಯನ್ನೂ ಪರೀಕ್ಷಿಸುವುದು, ಇದೇ ಅದರ ಮಾರ್ಗ.

ಇನ್ನು ಕೂದಲಿನ ಉದ್ದದ ಮಾತು. ಬಣ್ಣ, ಬಿಸಿ, ಬಿಸಿಲುಗಳಿಂದ ಹೊರಪದರ ಸವೆದ ಕೂದಲಿನ ಮೈಯಲ್ಲಿ ಋಣ ವಿದ್ಯುದಂಶ ಹೆಚ್ಚಾಗಿರುತ್ತದೆ. ಕಂಡಿಷನರಿನಲ್ಲಿರುವ ಧನ ವಿದ್ಯುದಂಶದ ಅಣುಗಳು ಅಲ್ಲಿಗೇ ಆಕರ್ಷಿತವಾಗಿ ಕುಳಿತು, ಒರಟನ್ನು ಮುಚ್ಚಿ, ಸಿಕ್ಕನ್ನು ಕಡಿಮೆಮಾಡುತ್ತವೆ. ಒರಟಾಗಿರುವೆಡೆಯಲ್ಲಿಯೇ ಅವು ಹೆಚ್ಚಾಗಿ ನಿಲ್ಲುವುದು ಅದರ ವಿಶೇಷ. ಗುಂಗುರು ಕೂದಲಿನವರಲ್ಲಿ ನೆತ್ತಿಯ ಜಿಡ್ಡು ಸುರುಳಿಗಳನ್ನು ದಾಟಿ ತುದಿಯವರೆಗೆ ಇಳಿಯಲಾರದಾದುದರಿಂದ ಇದು ಅವರಿಗೆ ವಿಶೇಷವಾಗಿ ಅವಶ್ಯಕ. ಅಂಥವರೂ ಬಣ್ಣ ಹಾಕಿಸಿಕೊಂಡವರೂ ಸೌಮ್ಯವಾದ ಮಾರ್ಜಕದ ಶಾಂಪೂವನ್ನು ಆರಿಸುವುದು ಮೇಲು. ತೆಂಗಿನೆಣ್ಣೆಗೂ ಇಲ್ಲಿ ನ್ಯಾಯವಾದ ಸ್ಥಾನವಿದೆ: ಅದರಲ್ಲಿ ಪ್ರಧಾನವಾಗಿರುವ ಲಾರಿಕ್ ಆಮ್ಲ ಎಳೆಯ ಒಳಕ್ಕೆ ಇಳಿಯಬಲ್ಲುದಾದುದರಿಂದ, ತೊಳೆಯುವ ಮೊದಲು ಹಚ್ಚಿದರೆ ಕೂದಲಿನ ಪ್ರೋಟೀನು ಸೋರಿಹೋಗುವುದು ಕಡಿಮೆಯಾಗುತ್ತದೆಂದು 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ತೋರಿಸಿತು, ಖನಿಜ ತೈಲಕ್ಕಾಗಲಿ ಸೂರ್ಯಕಾಂತಿ ಎಣ್ಣೆಗಾಗಲಿ ಆ ಗುಣ ಕಂಡುಬರಲಿಲ್ಲ. ಎಣ್ಣೆ ಕೂದಲಿಗೆ ಹಿತ. ಹೊಟ್ಟಿರುವ ನೆತ್ತಿಗೆ ಚಿಕಿತ್ಸೆಯಲ್ಲ.

ಕೂದಲು ಉದುರುವುದನ್ನು ನಿಲ್ಲಿಸುವೆನೆಂದು ಸಾರುವ ಶಾಂಪೂವಿನ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಆರೋಗ್ಯದ ಲಕ್ಷಣವೇ. ಅದನ್ನು ಮೀರಿದಾಗ ಕಾರಣ ಇರುವುದು ಕಬ್ಬಿಣಾಂಶದ ಕೊರತೆಯಲ್ಲೋ, ಥೈರಾಯ್ಡ್ ಗ್ರಂಥಿಯ ವೈಷಮ್ಯದಲ್ಲೋ, ಎರಡು ಮೂರು ತಿಂಗಳ ಹಿಂದೆ ಬಂದು ಹೋದ ತೀವ್ರ ಜ್ವರದಲ್ಲೋ, ಬಾಣಂತಿತನದಲ್ಲೋ, ವಂಶಪಾರಂಪರ್ಯದಲ್ಲೋ. ಎರಡು ನಿಮಿಷ ನೆತ್ತಿಯ ಮೇಲಿದ್ದು ಬಚ್ಚಲಿಗೆ ಹರಿದುಹೋಗುವ ದ್ರವ ಅಷ್ಟು ಆಳಕ್ಕೆ ಮುಟ್ಟಲಾರದು. ನಿರ್ಜೀವವಾದ ಎಳೆಯನ್ನು ವಿಟಮಿನ್ನಿನಿಂದ ಪೋಷಿಸುವೆವೆಂಬ ಮಾತೂ ಅಂಥದೇ.

ಆದುದರಿಂದ ವಾಚಕರಲ್ಲಿ ವಿಜ್ಞಾಪನೆ ಇಷ್ಟೆ: ಶಾಂಪೂವನ್ನು ನೆತ್ತಿಗೂ ಕಂಡಿಷನರನ್ನು ತುದಿಗೂ ಮೀಸಲಿಡಿ, ಬೆಲೆಯನ್ನೂ ನೊರೆಯನ್ನೂ ಬಿಟ್ಟು ಸೀಸೆಯ ಹಿಂಬದಿಯ ಪಟ್ಟಿಯನ್ನು ಓದಿ, ಹೊಸ ಶಾಂಪೂವಿನಿಂದ ಉರಿಯೋ ತುರಿಯೋ ಕಂಡರೆ ಒಡನೆ ನಿಲ್ಲಿಸಿ, ಸರಿಯಾದ ಔಷಧದ ಶಾಂಪೂವನ್ನು ಕ್ರಮವಾಗಿ ನಾಲ್ಕು ವಾರ ಬಳಸಿಯೂ ಹೊಟ್ಟು ತಗ್ಗದಿದ್ದರೆ ಮತ್ತೊಂದು ಸೀಸೆಯನ್ನು ಕೊಳ್ಳುವ ಬದಲು ಚರ್ಮವೈದ್ಯರನ್ನು ಕಾಣಿ.