ತಿರುಗುವವರು ಯಾರು?

ಬೆಳಗ್ಗೆ ಅಂಗಳದಲ್ಲಿ ರಾಗಿ ಒಣಹಾಕುತ್ತೇವೆ. ಮಧ್ಯಾಹ್ನ ಕಳೆದ ಮೇಲೆ ಅಲ್ಲಿಗೆ ಮನೆಯ ನೆರಳು ಬರುತ್ತದೆ. ಚಾಪೆಯನ್ನು ಬಿಸಿಲಿಗೆ ಎಳೆಯುತ್ತೇವೆ. ಸಂಜೆ ಹೊತ್ತು ಮುಳುಗುತ್ತದೆ. "ಹೊತ್ತು ಎಲ್ಲಿಗೆ ಹೋಯ್ತವ್ವ?" ಎಂದು ಮಗು ಕೇಳುತ್ತದೆ. ನಾವು ಏನು ಹೇಳೋಣ?

ಹೊತ್ತು ಮೂಡಲಲ್ಲಿ ಹುಟ್ಟುತ್ತದೆ. ನೆತ್ತಿಗೆ ಬರುತ್ತದೆ. ಪಡುವಲಲ್ಲಿ ಮುಳುಗುತ್ತದೆ. ರಾತ್ರಿ ಚಂದ್ರ, ಚುಕ್ಕಿಗಳೂ ಹಾಗೆಯೇ ಸಾಗುತ್ತವೆ. ಹಾಗಾದರೆ ಇಡೀ ಆಕಾಶ ನಮ್ಮ ಸುತ್ತ ತಿರುಗುತ್ತಿದೆಯೆ?

ಕಿರುಗಾವಲಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡಿ. ಕಬ್ಬಿನ ಗದ್ದೆ, ತೆಂಗಿನ ಮರ ಎಲ್ಲವೂ ಹಿಂದಕ್ಕೆ ಓಡುತ್ತವೆ. ನಿಜವಾಗಿ ಮರ ಓಡುತ್ತದೆಯೆ? ಇಲ್ಲ. ಓಡುವುದು ನಾವು ಕೂತ ಬಸ್ಸು.

ಆಕಾಶದ ಕಥೆಯೂ ಇದೇ. ಭೂಮಿಯೇ ನಾವು ಕೂತ ಬಸ್ಸು. ಅದು ಬುಗುರಿಯ ಹಾಗೆ ತನ್ನ ಸುತ್ತ ತಾನೇ ತಿರುಗುತ್ತದೆ. ಪಡುವಲಿನಿಂದ ಮೂಡಲ ಕಡೆಗೆ ತಿರುಗುತ್ತದೆ. ಅದಕ್ಕೇ ಸೂರ್ಯ, ಚುಕ್ಕಿಗಳು ಮೂಡಲಿನಿಂದ ಪಡುವಲಿಗೆ ಹೋದ ಹಾಗೆ ಕಾಣುತ್ತವೆ. ಒಂದು ಹಗಲು, ಒಂದು ರಾತ್ರಿ ಸೇರಿದರೆ 24 ಗಂಟೆ.

ನಮ್ಮ ದೇಶದ ಆರ್ಯಭಟ ಇದನ್ನು ಬಹಳ ಹಿಂದೆಯೇ ಹೇಳಿದ್ದ. ಕ್ರಿ.ಶ. 499ರ ಸುಮಾರಿಗೆ 'ಆರ್ಯಭಟೀಯ' ಎಂಬ ಪುಸ್ತಕ ಬರೆದ. ಆಗ ಬಸ್ಸು ಇರಲಿಲ್ಲ. ಆತ ದೋಣಿಯ ಹೋಲಿಕೆ ಕೊಟ್ಟ. ಆದರೆ ಅನೇಕ ಪಂಡಿತರು ಒಪ್ಪಲಿಲ್ಲ. ಭೂಮಿ ತಿರುಗಿದರೆ ಹಾರಿಹೋದ ಹಕ್ಕಿ ಮತ್ತೆ ಗೂಡಿಗೆ ಬರುವುದು ಹೇಗೆ ಎಂದು ವರಾಹಮಿಹಿರ ಕೇಳಿದ.

ಒಳ್ಳೆಯ ಪ್ರಶ್ನೆಯೇ. ಬಸ್ಸು ಒಂದೇ ಸಮನೆ ಓಡುವಾಗ ಒಳಗೆ ಕೂತು ಒಂದು ನಿಂಬೆಹಣ್ಣನ್ನು ಮೇಲಕ್ಕೆ ಎಸೆಯಿರಿ. ಅದು ಹಿಂದಿನ ಸೀಟಿಗೆ ಬೀಳುವುದಿಲ್ಲ. ನಮ್ಮ ಕೈಗೇ ಬರುತ್ತದೆ. ಬಸ್ಸಿನ ಓಟ ಹಣ್ಣಿಗೂ ಇದೆ. ಹಾಗೆಯೇ ಗಾಳಿ, ಹಕ್ಕಿ, ಕೆರೆ, ನಾವು ಎಲ್ಲರೂ ಭೂಮಿಯ ಜೊತೆಗೇ ಸಾಗುತ್ತೇವೆ. ಕಿರುಗಾವಲು ಗಂಟೆಗೆ ಸುಮಾರು 1,630 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ! ಆದರೂ ಒಲೆಯ ಮೇಲಿನ ಸಾರು ತುಳುಕುವುದಿಲ್ಲ. ಭೂಮಿ ಬಸ್ಸಿನಂತೆ ಬ್ರೇಕ್ ಹಾಕುವುದಿಲ್ಲ.

ರಾತ್ರಿ ಮಕ್ಕಳಿಗೆ ತೋರಿಸಿ. ದೀಪ ಹಚ್ಚಿ. ಅದರ ಮುಂದೆ ಒಂದು ತೆಂಗಿನಕಾಯಿ ಹಿಡಿಯಿರಿ. ಕಾಯಿಗೆ ಸುಣ್ಣದ ಬೊಟ್ಟು ಇಡಿ. ಅದೇ ಕಿರುಗಾವಲು. ಕಾಯಿಯನ್ನು ಮೆಲ್ಲಗೆ ಎಡದಿಂದ ಬಲಕ್ಕೆ ತಿರುಗಿಸಿ. ಬೊಟ್ಟು ಬೆಳಕಿಗೆ ಬಂದರೆ ಹಗಲು. ಕತ್ತಲಿಗೆ ಹೋದರೆ ರಾತ್ರಿ. ದೀಪ ಕದಲಲೇ ಇಲ್ಲ, ನೋಡಿದಿರಾ? ನಮಗೆ ನಡುರಾತ್ರಿ ಆದಾಗ ಅಮೆರಿಕದಲ್ಲಿ ಹಗಲು.

ಹೊತ್ತು ಮುಳುಗಿತು ಎನ್ನುವುದು ರೂಢಿಯ ಮಾತು. ಹಾಗೇ ಅನ್ನೋಣ. ಆದರೆ ಮಗು ಕೇಳಿದರೆ ನಿಜ ಹೇಳೋಣ: "ಹೊತ್ತು ಎಲ್ಲೂ ಹೋಗಲಿಲ್ಲ ಮಗ, ನಾವೇ ತಿರುಗಿದ್ವಿ."