ಬುತ್ತಿಯ ಲೆಕ್ಕ: ಡಿಸ್ನಿ ವರ್ಲ್ಡ್‌ಗೆ ಎಷ್ಟು ಆಹಾರ ಒಯ್ಯಬೇಕು?

ಅಮೆರಿಕದ ಫ್ಲಾರಿಡಾ ರಾಜ್ಯದ ಒರ್ಲಾಂಡೊ ಸಮೀಪ 1971ರ ಅಕ್ಟೋಬರ್ 1ರಂದು ಆರಂಭವಾದ ವಾಲ್ಟ್ ಡಿಸ್ನಿ ವರ್ಲ್ಡ್, ಇಂದು ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್ ಮತ್ತು ಅನಿಮಲ್ ಕಿಂಗ್‌ಡಮ್ ಎಂಬ ನಾಲ್ಕು ಥೀಮ್ ಪಾರ್ಕುಗಳನ್ನೂ ಹಲವು ಹೋಟೆಲುಗಳನ್ನೂ ಒಳಗೊಂಡು ಸುಮಾರು ನೂರು ಚದರ ಕಿಲೋಮೀಟರುಗಳಲ್ಲಿ ಹರಡಿಕೊಂಡಿದೆ. ಕಥೆ ಅಥವಾ ಕಲ್ಪನೆಯೊಂದರ ಸುತ್ತ ಆಟ, ಪ್ರದರ್ಶನ, ಕಟ್ಟಡಗಳನ್ನು ಹೆಣೆದಿರುವ ವಿಹಾರಸ್ಥಳವೇ ಥೀಮ್ ಪಾರ್ಕ್. ಡಿಸ್ನಿ ವರ್ಲ್ಡ್ ನೋಡಲು ಸಾಮಾನ್ಯವಾಗಿ ಮೂರು ನಾಲ್ಕು ದಿನಗಳು ಬೇಕಾಗುವುದರಿಂದ, ಅಟ್ಲಾಂಟಾದಂತಹ ಊರುಗಳಿಂದ ಕಾರಿನಲ್ಲಿ ಬರುವ ಕನ್ನಡ ಕುಟುಂಬಗಳಿಗೂ ಬೆಂಗಳೂರಿನಿಂದ ವಿಮಾನದಲ್ಲಿ ಬರುವವರಿಗೂ ಆಹಾರದ ಪ್ರಶ್ನೆ ಟಿಕೆಟ್ಟಿನ ಪ್ರಶ್ನೆಯಷ್ಟೇ ಮುಖ್ಯವಾಗುತ್ತದೆ. ಏನೂ ಸಿಗದಿದ್ದರೆ ಮಕ್ಕಳ ಗತಿಯೇನು ಎಂಬ ಭಯದಿಂದ ಬುತ್ತಿ ಕಟ್ಟಿದಾಗ ಪೆಟ್ಟಿಗೆ ತುಂಬುತ್ತದೆ, ಆದರೆ ಅದರಲ್ಲಿ ಬಹುಪಾಲು ಹಾಗೆಯೇ ಮರಳಿ ಬರುತ್ತದೆ. ಯಾವ ಹೊತ್ತಿನ ಆಹಾರ ಅಲ್ಲಿ ಸುಲಭವಾಗಿ ದೊರೆಯುವುದಿಲ್ಲವೋ ಅದನ್ನು ಮಾತ್ರ ಗುರುತಿಸಿ, ಅಷ್ಟಕ್ಕೇ ಲೆಕ್ಕ ಹಾಕುವುದು ಸರಿಯಾದ ಕ್ರಮ.

ಲೆಕ್ಕಕ್ಕೆ ಮೊದಲು ನಿಯಮಗಳನ್ನು ತಿಳಿಯಬೇಕು. ಡಿಸ್ನಿ ವರ್ಲ್ಡ್ ಸ್ವಂತ ಬಳಕೆಯ ಆಹಾರವನ್ನೂ ಮದ್ಯವಲ್ಲದ ಪಾನೀಯವನ್ನೂ ಪಾರ್ಕಿನೊಳಗೆ ತರಲು ಅವಕಾಶ ನೀಡುತ್ತದೆ. ಆದರೆ ಅದು ಗಾಜಿನ ಪಾತ್ರೆಯಲ್ಲಿರಬಾರದು, ಬಿಸಿ ಮಾಡುವ ಅಥವಾ ತಣ್ಣಗಿಡುವ ಅಗತ್ಯವುಳ್ಳದ್ದಾಗಿರಬಾರದು, ಮೂಗಿಗೆ ರಾಚುವ ವಾಸನೆಯದೂ ಆಗಿರಬಾರದು. ಚೀಲದ ಅಳತೆ 24 ಅಂಗುಲ ಉದ್ದ, 15 ಅಂಗುಲ ಅಗಲ, 18 ಅಂಗುಲ ಎತ್ತರವನ್ನು ಮೀರುವಂತಿಲ್ಲ. ಬಿಡಿ ಮಂಜುಗಡ್ಡೆಗೆ ಅನುಮತಿಯಿಲ್ಲದ ಕಾರಣ, ಪಾನೀಯವನ್ನು ತಂಪಾಗಿಡಬೇಕೆಂದರೆ ಮತ್ತೆ ಮತ್ತೆ ಬಳಸಬಹುದಾದ ಮೊಹರು ಮಾಡಿದ ಐಸ್ ಪ್ಯಾಕುಗಳನ್ನು ಇಡಬೇಕಾಗುತ್ತದೆ. ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಿಗೆ ಸೇರಬೇಕು ಮತ್ತು ಇಂಗಿನ ಘಾಟಿರುವ ಗೊಜ್ಜು ಹೋಟೆಲಿನ ಕೋಣೆಯಲ್ಲೇ ಮುಗಿಯಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಈ ಉದಾರತೆ ಎಲ್ಲ ಪಾರ್ಕುಗಳಲ್ಲೂ ಇಲ್ಲ: ಅದೇ ಒರ್ಲಾಂಡೊದ ಯೂನಿವರ್ಸಲ್ ಪಾರ್ಕುಗಳು ಸಣ್ಣಪುಟ್ಟ ಕುರುಕಲು ತಿಂಡಿ, ನೀರು, ಶಿಶು ಆಹಾರ ಮತ್ತು ವಿಶೇಷ ಪಥ್ಯದ ಆಹಾರಕ್ಕಷ್ಟೇ ಒಪ್ಪುತ್ತವೆ. ಆದ್ದರಿಂದ ಒಂದೇ ಪ್ರವಾಸದಲ್ಲಿ ಎರಡನ್ನೂ ನೋಡುವವರು ಎರಡು ಬಗೆಯ ಬುತ್ತಿಯನ್ನು ಯೋಜಿಸಬೇಕಾಗುತ್ತದೆ.

ನಿಯಮಗಳ ನಂತರ ಬರುವುದು ಅಗತ್ಯದ ಅಂದಾಜು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಕುಳಿತು ಕೆಲಸ ಮಾಡುವ ಪುರುಷನಿಗೆ ದಿನಕ್ಕೆ 2110 ಕಿಲೋಕ್ಯಾಲೊರಿ, ಅಂದರೆ ಆಹಾರದಿಂದ ದೇಹಕ್ಕೆ ದೊರೆಯುವ ಶಕ್ತಿಯ ಅಷ್ಟು ಮಾನಗಳು ಸಾಕು. ಮಧ್ಯಮ ಶ್ರಮದವನಿಗೆ 2710 ಬೇಕು. ಮಹಿಳೆಯರಿಗೆ ಇವೇ ಅಂಕಿಗಳು 1660 ಮತ್ತು 2130. ಏಳರಿಂದ ಒಂಬತ್ತು ವರ್ಷದ ಮಗುವಿಗೆ 1700, ನಾಲ್ಕರಿಂದ ಆರು ವರ್ಷದ ಮಗುವಿಗೆ 1360 ಬೇಕೆಂದು ಹೇಳಲಾಗಿದೆ. ಪಾರ್ಕಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಹತ್ತು ಕಿಲೋಮೀಟರಿಗೂ ಹೆಚ್ಚು ನಡೆಯುವುದು ಸಾಮಾನ್ಯವಾದ್ದರಿಂದ, ದೊಡ್ಡವರಿಗೆ ಮಧ್ಯಮ ಶ್ರಮದ ಅಳತೆಯನ್ನೇ ಇಟ್ಟುಕೊಳ್ಳಬೇಕು. ತಂದೆ, ತಾಯಿ, ಎಂಟು ಮತ್ತು ಐದು ವರ್ಷದ ಇಬ್ಬರು ಮಕ್ಕಳಿರುವ ಕುಟುಂಬಕ್ಕೆ ಹೀಗೆ ದಿನಕ್ಕೆ ಒಟ್ಟು 7900 ಕಿಲೋಕ್ಯಾಲೊರಿ ಬೇಕಾಗುತ್ತದೆ.

ಈ ಮೊತ್ತವನ್ನು ಹೊತ್ತುಗಳಿಗೆ ಹಂಚಿದಾಗ ಚಿತ್ರ ತಿಳಿಯಾಗುತ್ತದೆ. ಮಧ್ಯಾಹ್ನದ ಮತ್ತು ರಾತ್ರಿಯ ಊಟಗಳಿಗೆ ಒಟ್ಟಿನ ಅರ್ಧ ಭಾಗ ಸಲ್ಲುತ್ತದೆ. ಅವನ್ನು ಪಾರ್ಕಿನಲ್ಲಿ ಅಥವಾ ಹೊರಗಿನ ಹೋಟೆಲಿನಲ್ಲಿ ಕೊಳ್ಳಬಹುದು. ಬೆಳಗಿನ ತಿಂಡಿಗೆ ಕಾಲು ಭಾಗ ಮತ್ತು ಊಟಗಳ ನಡುವಿನ ಎರಡು ಕುರುಕಲುಗಳಿಗೆ ಉಳಿದ ಕಾಲು ಭಾಗ ಬೇಕು. ಬಾಗಿಲು ತೆರೆಯುವ ಮೊದಲೇ ಪಾರ್ಕು ತಲುಪಬೇಕಾದ ಅವಸರದಲ್ಲಿ ತಪ್ಪುವುದು ತಿಂಡಿ; ಸರದಿಯಲ್ಲಿ ನಿಂತಾಗ ಮಕ್ಕಳಿಗೆ ಹಸಿವಾದರೆ ಕೂಡಲೇ ದೊರೆಯದಿರುವುದು ಕುರುಕಲು. ಒಯ್ಯಬೇಕಾದ ಬುತ್ತಿ ಇವೆರಡಕ್ಕೇ.

ಶೇಂಗಾ, ಚಿಕ್ಕಿ, ನಿಪ್ಪಟ್ಟು, ಕೋಡುಬಳೆಗಳಂತಹ ಒಣ ತಿಂಡಿಗಳು ನೂರು ಗ್ರಾಮಿಗೆ ಸುಮಾರು 500 ಕಿಲೋಕ್ಯಾಲೊರಿ ನೀಡುತ್ತವೆ; ಆದುದರಿಂದ ಪ್ರತಿ ಕುರುಕಲು ಹೊತ್ತಿಗೆ ಇಡೀ ಕುಟುಂಬಕ್ಕೆ 200 ಗ್ರಾಂ, ದಿನಕ್ಕೆ 400 ಗ್ರಾಂ, ನಾಲ್ಕು ದಿನಕ್ಕೆ 1.6 ಕಿಲೋ ಸಾಕು. ಬೆಳಗಿನ ತಿಂಡಿಗೆ ದಿನಕ್ಕೆ 300 ಗ್ರಾಂ ಅವಲಕ್ಕಿಯಂತೆ 1.2 ಕಿಲೋ, ಅದಕ್ಕೆ ಬೆರೆಸುವ ಶೇಂಗಾ 300 ಗ್ರಾಂ, ಗೊಜ್ಜು ಮತ್ತು ಚಟ್ನಿಪುಡಿ ಅರ್ಧ ಕಿಲೋ ಸೇರಿದರೆ ಒಟ್ಟು 3.6 ಕಿಲೋ ಆಗುತ್ತದೆ. ವಿಮಾನ ತಡವಾದರೆ, ಮಳೆ ಹಿಡಿದರೆ ಎಂದು ಒಂದು ದಿನದ ಕುರುಕಲನ್ನು ಹೆಚ್ಚಾಗಿ ಸೇರಿಸಿದರೂ ನಾಲ್ಕು ಕಿಲೋ ಮೀರುವುದಿಲ್ಲ. ಹಾಲು ಮತ್ತು ಬಾಳೆಹಣ್ಣನ್ನು ಅಲ್ಲಿಯೇ ಕೊಳ್ಳಬಹುದು. ನಾಲ್ಕು ಜನ, ನಾಲ್ಕು ದಿನ, ಮೂರು ಹೊತ್ತು ಎಂದು ಗುಣಿಸಿ 48 ಊಟಗಳಿಗೆ ಬುತ್ತಿ ಕಟ್ಟಲು ಹೊರಟವರ ಹೊರೆಗೂ ಇದಕ್ಕೂ ಇರುವ ಅಂತರ ದೊಡ್ಡದು.

ಪ್ರಮಾಣದಷ್ಟೇ ಗಮನ ಆಹಾರದ ಸ್ವರೂಪಕ್ಕೂ ಸಲ್ಲಬೇಕು. ಬೇಗ ಕೆಡುವ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು, ಉಷ್ಣತೆ 32 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದೆಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಒರ್ಲಾಂಡೊದ ಬೇಸಿಗೆಯ ಮಧ್ಯಾಹ್ನಗಳು ಈ ಮಿತಿಯನ್ನು ಮುಟ್ಟುವುದು ದಿನನಿತ್ಯದ ಸಂಗತಿ. ಬೇಯಿಸಿದ ಅನ್ನದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಣಗಳು, ಅಂದರೆ ಗಟ್ಟಿ ಹೊದಿಕೆಯೊಳಗೆ ಸುಪ್ತವಾಗಿ ಉಳಿಯುವ ರೂಪಗಳು, ಅಕ್ಕಿ ಬೆಂದರೂ ಸಾಯದೆ, ಅನ್ನ ಬೆಚ್ಚಗೆ ಉಳಿದಾಗ ಬೆಳೆದು ವಾಂತಿ ತರಿಸುವ ವಿಷವನ್ನು ಉಂಟುಮಾಡಬಲ್ಲವು. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಮೊಸರನ್ನವನ್ನು ದಿನವಿಡೀ ಬೆನ್ನಚೀಲದಲ್ಲಿ ಹೊರುವುದಕ್ಕಿಂತ, ನೀರಿನಂಶವಿಲ್ಲದ ಕಾರಣ ವಾರಗಟ್ಟಲೆ ಕೆಡದ ಉತ್ತರ ಕರ್ನಾಟಕದ ಜೋಳದ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯನ್ನು ಒಯ್ಯುವುದು ಕ್ಷೇಮ.

ಭಾರತದಿಂದ ಬರುವವರು ಗಡಿಯ ಕಾನೂನನ್ನೂ ಗಮನಿಸಬೇಕು. ತಂದ ಆಹಾರವನ್ನೆಲ್ಲ ಅಮೆರಿಕದ ಕಸ್ಟಮ್ಸ್ ಅಧಿಕಾರಿಗಳಿಗೆ ಘೋಷಿಸುವುದು ಕಡ್ಡಾಯ. ಮುಚ್ಚಿಟ್ಟರೆ ದಂಡ ಬೀಳುತ್ತದೆ. ಧಾನ್ಯ ತಿನ್ನುವ ಖಾಪ್ರಾ ಎಂಬ ಕೀಟದ ಭೀತಿಯಿಂದ ಪ್ರಯಾಣಿಕರು ಭಾರತದಿಂದ ಅಕ್ಕಿ ತರುವುದನ್ನು ನಿಷೇಧಿಸಲಾಗಿದೆ. ಅಕ್ಕಿಯಿಂದಲೇ ಆದ ಅವಲಕ್ಕಿಯನ್ನೂ ಒರ್ಲಾಂಡೊದ ಭಾರತೀಯ ದಿನಸಿ ಅಂಗಡಿಗಳಲ್ಲಿ ಕೊಳ್ಳುವುದು ಒಳ್ಳೆಯದು. ಹಸಿ ಕರಿಬೇವಿನ ಎಲೆಗೂ ಪ್ರವೇಶವಿಲ್ಲ. ಏಕೆಂದರೆ ಕಿತ್ತಳೆ ಜಾತಿಯ ಗಿಡಗಳಿಗೆ ಸಿಟ್ರಸ್ ಗ್ರೀನಿಂಗ್ ಎಂಬ ಮಾರಕ ರೋಗವನ್ನು ಹರಡುವ ಸಣ್ಣ ಕೀಟವೊಂದು ಕರಿಬೇವಿನ ಮೇಲೂ ಬದುಕುತ್ತದೆ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿನ ಕಿತ್ತಳೆ ತೋಟಗಳನ್ನು ಹಾಳುಗೆಡವಿದೆ. ಒಂದು ಕಂತೆ ಕರಿಬೇವು ಸಾವಿರಾರು ಬೆಳೆಗಾರರ ಬದುಕಿಗೆ ಸಂಬಂಧಿಸಿದ್ದೆಂದು ಅರಿತವರಿಗೆ ಈ ನಿಯಮ ಕಿರುಕುಳವಾಗಿ ತೋರುವುದಿಲ್ಲ. ಉಪ್ಪಿನಕಾಯಿ, ತುಪ್ಪ, ಗೊಜ್ಜುಗಳನ್ನು ವಿಮಾನದ ಭದ್ರತಾ ತಪಾಸಣೆಯಲ್ಲಿ ದ್ರವವೆಂದೇ ಪರಿಗಣಿಸುವುದರಿಂದ, 100 ಮಿಲಿಲೀಟರ್ ಮೀರಿದ್ದನ್ನು ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಯಲ್ಲಿಡಬೇಕು.

ಕೋಣೆಯಲ್ಲಿ ಏನು ಮಾಡಬಹುದು ಎಂಬುದನ್ನೂ ಮೊದಲೇ ವಿಚಾರಿಸಬೇಕು. ಅಡುಗೆಮನೆಯಿರುವ ಕೋಣೆಗಳ ಬಾಡಿಗೆ ಹೆಚ್ಚು. ಸಾಧಾರಣ ಕೋಣೆಗಳಲ್ಲಿ ಅಡುಗೆಯ ವಿದ್ಯುತ್ ಸಾಧನಗಳನ್ನು ಬಳಸಲು ಅನೇಕ ಹೋಟೆಲುಗಳು ಬಿಡುವುದಿಲ್ಲ. ಭಾರತದ 230 ವೋಲ್ಟಿನ ಕೆಟಲ್ ಅಮೆರಿಕದ 120 ವೋಲ್ಟಿನಲ್ಲಿ ತನ್ನ ಸಾಮರ್ಥ್ಯದ ಕಾಲು ಭಾಗದಷ್ಟು ಮಾತ್ರ ಕೆಲಸ ಮಾಡುವುದರಿಂದ ಅದನ್ನು ಹೊತ್ತು ತರುವುದೂ ವ್ಯರ್ಥ. ಒಲೆಯೇ ಬೇಡದ ಗೊಜ್ಜವಲಕ್ಕಿ, ಹುರಿಟ್ಟುಗಳಂತಹ ತಿಂಡಿಗಳು ಇಂತಹ ಕಡೆ ನಿಜವಾಗಿ ನೆರವಾಗುತ್ತವೆ.

ನೀರನ್ನು ಬುತ್ತಿಯ ಲೆಕ್ಕಕ್ಕೆ ಸೇರಿಸಬೇಕಿಲ್ಲ. ನಾಲ್ವರಿಗೆ ಬಿಸಿಲಿನ ದಿನ ಎಂಟು ಹತ್ತು ಲೀಟರ್ ಬೇಕಾಗಬಹುದಾದರೂ ಅಷ್ಟು ತೂಕ ಹೊರುವ ಅಗತ್ಯವಿಲ್ಲ. ಡಿಸ್ನಿಯ ತ್ವರಿತ ಸೇವೆಯ ಉಪಾಹಾರ ಕೇಂದ್ರಗಳು ತಣ್ಣೀರನ್ನು ಉಚಿತವಾಗಿ ನೀಡುತ್ತವೆ, ಖಾಲಿ ಬಾಟಲಿ ತುಂಬಿಸಿಕೊಳ್ಳುವ ನಲ್ಲಿಗಳೂ ಇವೆ.

ಶಾಕಾಹಾರಿಗಳ ಆತಂಕಕ್ಕೂ ಮೊದಲಿನಷ್ಟು ಆಧಾರವಿಲ್ಲ. ಮಾಂಸ, ಮೊಟ್ಟೆ, ಹಾಲು, ಜೇನುತುಪ್ಪ ಬಳಸದ ಅಡುಗೆಯನ್ನು ಎಲೆಯ ಗುರುತಿನಿಂದ ಸೂಚಿಸುವ ಪದ್ಧತಿಯನ್ನು ಡಿಸ್ನಿ ವರ್ಲ್ಡ್ 2019ರಿಂದ ಅನುಸರಿಸುತ್ತಿದೆ. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಹೋಟೆಲಿನ ಸನಾ ಎಂಬ ಭೋಜನಶಾಲೆಯಲ್ಲಿ ಭಾರತೀಯ ಬಗೆಯ ರೊಟ್ಟಿ ಮತ್ತು ಚಟ್ನಿಗಳು ಸಿಗುತ್ತವೆ. ಹೊಸ ಊರಿನ ಅಡುಗೆಯ ರುಚಿ ನೋಡುವುದೂ ಪ್ರವಾಸದ ಒಂದು ಅಂಗವಾದ್ದರಿಂದ, ದಿನಕ್ಕೊಂದು ಊಟವನ್ನಾದರೂ ಪಾರ್ಕಿಗೆ ಬಿಡುವುದು ಮಕ್ಕಳ ಕಲಿಕೆಗೆ ಒಳ್ಳೆಯದು. ಹೊಸ ರುಚಿ ಒಗ್ಗದ ಮಗುವಿಗೆ ಪರಿಚಿತ ತಿಂಡಿಯೊಂದು ಚೀಲದಲ್ಲಿದ್ದರೆ ತಾಯಿತಂದೆಯರಿಗೂ ನೆಮ್ಮದಿ. ಪ್ರತಿ ಸಂಜೆ ಉಳಿದದ್ದನ್ನು ನೋಡಿ ಮರುದಿನದ ಚೀಲವನ್ನು ಕಿರಿದು ಮಾಡುತ್ತಾ ಹೋಗುವ ಕುಟುಂಬಕ್ಕೆ, ಮುಂದಿನ ಪ್ರವಾಸಕ್ಕೆ ಬೇಕಾದ ತನ್ನದೇ ಅಳತೆಯೂ ದೊರೆಯುತ್ತದೆ. ಆ ಅಳತೆಯ ಮುಂದೆ ಪುಸ್ತಕದ ಸರಾಸರಿಗಳು ಆರಂಭಕ್ಕೆ ಮಾತ್ರ ಉಪಯುಕ್ತ.