ಹಾಸಿಗೆ ಬಿಟ್ಟೇಳುವ ಮದ್ದು

ನಿದ್ದೆ ಬಾರದ ಮಕ್ಕಳಿಗೆ ಮನೆಯಲ್ಲಿ ಹೇಳುವುದು ಒಂದೇ: ಕಣ್ಣು ಮುಚ್ಕೊಂಡು ಸುಮ್ಮನೆ ಬಿದ್ಕೋ, ತಾನಾಗೇ ಬರುತ್ತೆ. 1972ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ ಹೇಳಿದ್ದು ಇದಕ್ಕೆ ತದ್ವಿರುದ್ಧ. ಸ್ವಲ್ಪ ಹೊತ್ತಾದರೂ ನಿದ್ದೆ ಹತ್ತದಿದ್ದರೆ ಎದ್ದು ಆಚೆ ಹೋಗಿ, ಕಣ್ಣು ಎಳೆಯತೊಡಗಿದಾಗಷ್ಟೇ ಬನ್ನಿ. ರಾತ್ರಿಗಟ್ಟಲೆ ಹೊರಳಾಡಿದವರಿಗೆ ಹಾಸಿಗೆ ಕಂಡರೇ ಎಚ್ಚರವಾಗುವ ಅಭ್ಯಾಸ ಅಂಟಿರುತ್ತದೆ, ಮೊದಲು ಬಿಡಿಸಬೇಕಾದ್ದು ಅದನ್ನು ಎಂಬುದು ಅವರ ತರ್ಕ.

1987ರಲ್ಲಿ ನಿದ್ರಾತಜ್ಞ ಆರ್ಥರ್ ಸ್ಪೀಲ್ಮನ್ ಇನ್ನೂ ವಿಚಿತ್ರವಾದದ್ದನ್ನು ಮುಂದಿಟ್ಟರು. ಎಂಟು ಗಂಟೆ ಮಲಗಿ ಐದೇ ಗಂಟೆ ನಿದ್ದೆ ಮಾಡುವವನು ರಾತ್ರಿ ಒಂದಕ್ಕೆ ಮಲಗಿ ಆರಕ್ಕೆ ಏಳಲಿ. ನಿದ್ದೆ ಗಟ್ಟಿಯಾದಂತೆ ಕಾಲು ಗಂಟೆ, ಕಾಲು ಗಂಟೆ ಸೇರಿಸುತ್ತ ಹೋಗಿ. ಮಾತ್ರೆಯಿಲ್ಲ, ಯಂತ್ರವಿಲ್ಲ, ಮಲಗಿದ್ದು, ಎದ್ದದ್ದು ಬರೆದಿಡುವ ಒಂದು ಡೈರಿ, ನಾಲ್ಕಾರು ಕಟ್ಟುಪಾಡು. ಇಷ್ಟೇ ಆದ್ದರಿಂದಲೇ ಈ ಚಿಕಿತ್ಸೆ ಸುಲಭವಾಗಿ ಕಂಪ್ಯೂಟರಿಗೆ ಹತ್ತಿತು. 2004ರಲ್ಲಿ ಸ್ವೀಡನ್ನಿನವರು ಇದನ್ನು ಇಂಟರ್ನೆಟ್ಟಿನಲ್ಲಿ ಪರೀಕ್ಷಿಸಿದರು. 2015ರಲ್ಲಿ ನೆದರ್ಲೆಂಡ್ಸ್‌ನ 116 ಹದಿಹರೆಯದವರ ಅಧ್ಯಯನ ಪ್ರಕಟವಾಯಿತು. ಗುಂಪಿನಲ್ಲಿ ಕೂತು ಕಲಿತವರಂತೆಯೇ ಆನ್‌ಲೈನಿನಲ್ಲಿ ಕಲಿತವರ ನಿದ್ದೆಯೂ ಸುಧಾರಿಸಿತ್ತು.

ನಿದ್ದೆಗೆಡುವುದಕ್ಕೂ ಹದಿಹರೆಯದವರ ಆತ್ಮಹತ್ಯೆಗೂ ನಂಟಿದೆ ಎಂಬ ಎಳೆ ಸಿಕ್ಕಿದ್ದು ಬೇರೆ ಕಡೆಯಿಂದ. ಪಿಟ್ಸ್‌ಬರ್ಗಿನ ಟೀನಾ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು ಆತ್ಮಹತ್ಯೆಯಿಂದ ತೀರಿಕೊಂಡ 140 ಹದಿಹರೆಯದವರ ಮಾಹಿತಿಯನ್ನು ಬೇರೆ 131 ಹುಡುಗ ಹುಡುಗಿಯರ ಮಾಹಿತಿಯ ಜೊತೆ ಹೋಲಿಸಿ 2008ರಲ್ಲಿ ಪ್ರಕಟಿಸಿದರು. ತೀರಿಕೊಂಡವರಲ್ಲಿ ಕೊನೆಯ ವಾರದ ನಿದ್ರಾಹೀನತೆ ಹೆಚ್ಚಿತ್ತು. ಖಿನ್ನತೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ವ್ಯತ್ಯಾಸ ಉಳಿಯಿತು. ನಿದ್ದೆ ಸರಿಹೋದರೆ ಜೀವ ಉಳಿಯುತ್ತದೆ ಎಂದು ಇದರಿಂದ ಸಾಬೀತಾಗದು. ಆದರೂ ಎಲ್ಲಿ ಕೈ ಹಾಕಬಹುದು ಎಂಬುದು ತಿಳಿಯಿತು.

ನನಗೆ ಇದರಲ್ಲಿ ದೊಡ್ಡದೆನಿಸುವುದು ಬೇರೆಯೇ. ಶಿರಾ ತಾಲ್ಲೂಕಿನ ಬರಗೂರಿನಂಥ ಊರಲ್ಲಿ ‘ಬದುಕೋದೇ ಬೇಡ ಅನ್ನಿಸುತ್ತೆ’ ಎಂದು ಪಿಯುಸಿ ಹುಡುಗ ಮನೆಯಲ್ಲಿ ಬಾಯಿಬಿಡುವುದು ಕಷ್ಟ. ‘ನಿದ್ದೆ ಬರ್ತಿಲ್ಲ ಕಣಮ್ಮ’ ಎಂದಾನು. ಆ ಮಾತಿನ ಬೆನ್ನು ಹಿಡಿದರೆ ಒಳಗಿನದೂ ಹೊರಬಂದೀತು. ಹಾಗಂತ ಈ ಚಿಕಿತ್ಸೆ ಹೇಳಿಕೊಡುವ ಹೊರದೇಶದ ಆ್ಯಪನ್ನು ಹಾಗೇ ತಂದು ಕೊಟ್ಟರೆ ನಡೆಯದು. ‘ಬೇರೆ ಕೋಣೆಗೆ ಹೋಗು’ ಎನ್ನುತ್ತದೆ ಅದು. ಅಜ್ಜಿ, ತಂಗಿ ಎಲ್ಲರೂ ಒಂದೇ ಕೋಣೆಯಲ್ಲಿ ಚಾಪೆ ಹಾಸಿರುವ ಮನೆಯಲ್ಲಿ ಅವನು ಹೋಗುವುದಾದರೂ ಎಲ್ಲಿಗೆ? ಜಗುಲಿಗೆ ಎಂದು ತಿದ್ದಬೇಕು. ತ್ರೀಫೇಸ್ ಕರೆಂಟು ನಡುರಾತ್ರಿ ಬಂದು ಮೋಟಾರು ಹಾಕಲು ಎದ್ದುಹೋದ ರಾತ್ರಿಯನ್ನು ಡೈರಿಯಲ್ಲಿ ಹೇಗೆ ಬರೆಯುವುದು, ಅದನ್ನೂ ಹೇಳಿಕೊಡಬೇಕು.

ಇನ್ನೊಂದು ಎಚ್ಚರ. ಸ್ಪೀಲ್ಮನ್ನರ ಪಥ್ಯದಲ್ಲಿ ಮೊದಮೊದಲು ನಿದ್ದೆ ಇನ್ನೂ ಕಮ್ಮಿಯಾಗುತ್ತದೆ. ಸಾವಿನ ಯೋಚನೆ ಸುತ್ತುತ್ತಿರುವ ಹುಡುಗನನ್ನು ಅಂಥ ದಿನಗಳಲ್ಲಿ ಮೊಬೈಲಿಗೊಪ್ಪಿಸಿ ಕೈತೊಳೆದುಕೊಳ್ಳುವಂತಿಲ್ಲ. ಡಾಕ್ಟರೋ ಆಪ್ತಸಮಾಲೋಚಕರೋ ಜೊತೆಗಿರಬೇಕು, ಮನೆಯವರು ಒಂಟಿಯಾಗಿ ಬಿಡಬಾರದು. 2022ರ ಅಕ್ಟೋಬರ್ 10ರಂದು ಶುರುವಾದ, ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸುವ ಟೆಲಿ ಮಾನಸ್ ಸಹಾಯವಾಣಿಗೆ 14416 ಒತ್ತಿದರೆ ಹಗಲಿರಲಿ, ರಾತ್ರಿ ಎರಡು ಗಂಟೆಯಿರಲಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.